ಹಳೆಯ ಚಿಪ್‌ಗಳಿಗೆ ಕರ್ನಲ್ಲಿನಲ್ಲಿ ಯಾಕೆ ಜಾಗ?

ವರ್ಚುವಲ್ ಮಷೀನಿನ ಮಾತು ಬಂದಾಗಲೆಲ್ಲ ಒಂದೇ ರಾಗ: ಕರ್ನಲ್ ಒಳಗಿದ್ದರೆ ವೇಗ, ಹೊರಗಿದ್ದರೆ ನಿಧಾನ. ಇದು ಅರ್ಧ ನಿಜ ನೋಡ್ರಿ...

ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್ ಬಂದರೆ ಅದು ಪ್ರೊಸೆಸರಿನ ಬಾಗಿಲು ಬಡಿಯುತ್ತದೆ. ಅದೇ ಇಂಟರಪ್ಟ್. ವರ್ಚುವಲ್ ಮಷೀನಿಗೆ ನಿಜವಾದ ಬಾಗಿಲೇ ಇಲ್ಲವಲ್ಲ, ಬಡಿದ ಹಾಗೆ ಯಾರಾದರೂ ನಟಿಸಬೇಕು. 2007ರಲ್ಲಿ ಲಿನಕ್ಸ್ 2.6.20ರ ಜೊತೆ ಕೆವಿಎಂ ಬಂದಾಗ ಈ ನಟನೆ ಕರ್ನಲ್ಲಿನ ಹೊರಗಿನ ಕ್ಯೂಎಮು ಪ್ರೋಗ್ರಾಮಿನ ಕೆಲಸವಾಗಿತ್ತು. ವೇಗ ಸಾಲದೆಂದು ಸ್ವಲ್ಪ ದಿನದಲ್ಲೇ ಲೋಕಲ್ ಏಪಿಕ್, ಐಒ ಏಪಿಕ್, ಪಿಐಸಿ, ಆಮೇಲೆ ಪಿಐಟಿ ಟೈಮರ್, ಎಲ್ಲವನ್ನೂ ಒಳಗೆ ತಂದರು.

ಲೋಕಲ್ ಏಪಿಕ್ ಬಂದದ್ದು ಸರಿ. ಇಂಟರಪ್ಟ್‌ಗಳೆಲ್ಲ ಅದನ್ನು ದಾಟಿಯೇ ಹೋಗಬೇಕು. ನನ್ನ ತಕರಾರು ಉಳಿದವುಗಳ ಬಗ್ಗೆ. 8259 ಪಿಐಸಿ ಅಂದರೆ 1981ರ ಐಬಿಎಂ ಪಿಸಿಯಲ್ಲಿದ್ದ ಚಿಪ್! ಇಂದಿನ ವರ್ಚುವಲ್ ಡಿಸ್ಕು, ನೆಟ್‌ವರ್ಕ್ ಕಾರ್ಡುಗಳು ಎಂಎಸ್‌ಐ ಮೂಲಕ ನೇರ ಲೋಕಲ್ ಏಪಿಕ್ಕಿಗೇ ಸುದ್ದಿ ಮುಟ್ಟಿಸುತ್ತವೆ. ಬೂಟ್ ಆದ ಮೇಲೆ ಈ ಮುದುಕರನ್ನು ಕೇಳುವವರು ಕಡಿಮೆ.

ಕೇಳುವವರಿಲ್ಲದಿದ್ದರೂ ಅಪಾಯ ಇದ್ದೇ ಇದೆ. 2013ರಲ್ಲಿ ಸಿಕ್ಕ ಐಒ ಏಪಿಕ್ ದೋಷ ನೆನಪಿಸಿಕೊಳ್ಳಿ. ಒಳಗಿನ ಮಷೀನು ತಪ್ಪು ರಿಜಿಸ್ಟರ್ ಸಂಖ್ಯೆ ಕೊಟ್ಟರೆ ಸಾಕು, ಹೊರಗಿನ ಕರ್ನಲ್ಲಿನ ಮೆಮೊರಿ ಓದಬಹುದಿತ್ತು, ಇಲ್ಲವೇ ಅದನ್ನು ಬೀಳಿಸಬಹುದಿತ್ತು. ಮರುವರ್ಷ ಪಿಐಟಿಯಲ್ಲೂ ಹೋಸ್ಟನ್ನೇ ಬೀಳಿಸುವ ದೋಷ. ನಮ್ಮ ಏಕಸಂಬಿಯ ಸೊಸೈಟಿಯೊಂದರ ಲೆಕ್ಕವೂ ಅಪರಿಚಿತನೊಬ್ಬನ ಮಷೀನೂ ಒಂದೇ ಸರ್ವರಿನಲ್ಲಿ ಕೂತಿದ್ದರೆ? ಕ್ಲೌಡ್ ಅಂದರೆ ಅದೇ ತಾನೆ.

ನಮ್ಮ ಕಡೆಯ ವಾಡೆಗಳಲ್ಲಿ ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡುತ್ತಾರೆ. ತಿಜೋರಿ ಇರುವ ಕೋಣೆಗೆ ಕರೆದುಕೊಂಡು ಹೋಗುವುದಿಲ್ಲ.

2016ರ ಜನವರಿಯಲ್ಲಿ ಬಂದ ಲಿನಕ್ಸ್ 4.4 ಇದಕ್ಕೆ ದಾರಿ ಮಾಡಿಕೊಟ್ಟಿತು: ಲೋಕಲ್ ಏಪಿಕ್ ಮಾತ್ರ ಒಳಗೆ, ಉಳಿದವು ಪಡಸಾಲೆಗೆ. 2019ರಲ್ಲಿ ಕ್ಯೂಎಮು 4.0 ತನ್ನ ಕ್ಯೂ35 ಮಷೀನಿಗೆ ಇದನ್ನೇ ಡೀಫಾಲ್ಟ್ ಮಾಡಿತು. ಆದರೆ ಮಷೀನಿಗೆ ನೇರವಾಗಿ ಒಪ್ಪಿಸಿದ ಕೆಲವು ಸಾಧನಗಳ ಹಳೆಯ ಬಗೆಯ ಇಂಟರಪ್ಟ್ ಕೈಕೊಟ್ಟಿತೆಂದು 4.1ರಲ್ಲಿ ಹಿಂದೆ ಸರಿಯಿತು. ತೊಂದರೆ ನಿಜವೇ, ಇಲ್ಲವೆನ್ನುವುದಿಲ್ಲ. ಹಾಗಂತ ಕೆಲವರ ಹಳೆಯ ಕಾರ್ಡಿಗಾಗಿ ಎಲ್ಲರ ತಿಜೋರಿ ಕೋಣೆಯ ಬಾಗಿಲು ತೆರೆದಿಡಬೇಕೇ? ಅಂಥ ಕಾರ್ಡು ಇದ್ದವರು ಆ ಆಯ್ಕೆಯನ್ನು ತಾವೇ ಬದಲಿಸಿಕೊಳ್ಳಲಿ, ಒಂದು ಸಾಲಿನ ಕೆಲಸ.