ಮನಸ್ಸಿದ್ದರೆ ಮಾರ್ಗ ಸರಿ. ಮನಸ್ಸೇ ಲೇಆಫ್ ಚಿಂತೆಯಲ್ಲಿದ್ದರೆ?

ಬೆಂಗಳೂರಿನ ಟೆಕ್ ಉದ್ಯೋಗಿಗಳ ಜೊತೆ ಮಾತಿಗೆ ಕೂತರೆ ಈಗ ಪದೇ ಪದೇ ಕಿವಿಗೆ ಬೀಳುವ ದೂರು ಸಂಬಳದ್ದಲ್ಲ, ಟ್ರಾಫಿಕ್ಕಿನದ್ದೂ ಅಲ್ಲ. "ಯಾವುದರಲ್ಲೂ ಮನಸ್ಸು ನಿಲ್ತಿಲ್ಲ" ಅನ್ನೋದು. ಆಸೆಪಟ್ಟು ಕೊಂಡ ಗಿಟಾರ್ ಮೂಲೆ ಸೇರಿದೆ. ಕಾದಂಬರಿಯ ಬುಕ್‌ಮಾರ್ಕ್ ಇಪ್ಪತ್ತನೇ ಪುಟ ದಾಟಿಲ್ಲ. ಇಷ್ಟ ಇಲ್ಲ ಅಂತಲ್ಲ. ಕೂತು ಐದು ನಿಮಿಷ ಆಗೋದರೊಳಗೆ ತಲೆ ಬೇರೆ ಕಡೆ ಹೊರಟಿರುತ್ತೆ: ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿದ್ದರೆ? ಮನೆ ಸಾಲದ ಇಎಂಐ? ನನ್ನ ಕೆಲಸವನ್ನು ಎಐ ಮಾಡೋಕೆ ಶುರು ಮಾಡಿದರೆ?

ಇದಕ್ಕೆ ಸಿಗುವ ರೆಡಿಮೇಡ್ ಉತ್ತರ: ಶಿಸ್ತು ಇಲ್ಲ, ಫೋನ್ ಪಕ್ಕಕ್ಕಿಡು, ಬೆಳಗ್ಗೆ ಐದಕ್ಕೆ ಏಳು. ಫೋನ್ ನಿರಪರಾಧಿ ಅಂತ ನಾನು ವಾದಿಸುತ್ತಿಲ್ಲ. ಆದರೆ ಇದೇ ಜನ ಹಗಲಿಡೀ ಕೋಡ್ ಬರೆಯುತ್ತಾರೆ, ಕ್ಲೈಂಟ್ ಕಾಲ್ ನಿಭಾಯಿಸುತ್ತಾರೆ, ಡೆಡ್‌ಲೈನ್ ಮುಟ್ಟಿಸುತ್ತಾರೆ. ಆಫೀಸಿನಲ್ಲಿ ಇರುವ ಏಕಾಗ್ರತೆ ಮನೆಗೆ ಬಂದಾಗ ಮಾತ್ರ ಎಲ್ಲಿಗೆ ಹೋಗುತ್ತೆ?

ಮನಃಶಾಸ್ತ್ರದಲ್ಲಿ ಇದಕ್ಕೊಂದು ಸುಳಿವಿದೆ. ಮೈಕೆಲ್ ಐಸೆಂಕ್ ಮತ್ತು ಸಂಗಡಿಗರು 2007ರಲ್ಲಿ ಮಂಡಿಸಿದ ಗಮನ ನಿಯಂತ್ರಣ ಸಿದ್ಧಾಂತದ ಪ್ರಕಾರ, ಆತಂಕ ನಮ್ಮ ಗಮನವನ್ನು ನಾವು ಆರಿಸಿಕೊಂಡ ಗುರಿಯಿಂದ ಕಿತ್ತು ಅಪಾಯದ ಸುಳಿವುಗಳ ಕಡೆ ತಿರುಗಿಸುತ್ತದೆ. ಚಿಂತೆ ಅನ್ನೋದು ಮೆದುಳಿನ ವರ್ಕಿಂಗ್ ಮೆಮೊರಿಯಲ್ಲಿ ಜಾಗ ತಿನ್ನುತ್ತದೆ. ಕಂಪ್ಯೂಟರ್ ಭಾಷೆಯಲ್ಲಿ ಹೇಳೋದಾದರೆ, ಹಿನ್ನೆಲೆಯಲ್ಲಿ ಓಡುತ್ತಿರುವ ಒಂದು ಪ್ರೋಗ್ರಾಂ ರ‍್ಯಾಮ್ ಹಿಡಿದು ಕೂತಿದೆ. ಸ್ಕ್ರೀನ್ ಮೇಲೆ ಮಾತ್ರ ಕಾಣಿಸುತ್ತಿಲ್ಲ.

ಇದೇ ಸಿದ್ಧಾಂತದ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ. ಆತಂಕ ಕೆಲಸದ ಫಲಿತಾಂಶಕ್ಕಿಂತ ಹೆಚ್ಚಾಗಿ ಅದಕ್ಕೆ ಬೇಕಾಗುವ ಶ್ರಮವನ್ನು ಕೆಡಿಸುತ್ತದೆ. ಅಂದರೆ, ಆತಂಕದಲ್ಲಿರುವವರೂ ಅದೇ ಔಟ್‌ಪುಟ್ ಕೊಡಬಲ್ಲರು, ಆದರೆ ಹೆಚ್ಚು ದಣಿದು. ಆಫೀಸಿನಲ್ಲಿ ಮ್ಯಾನೇಜರ್, ಸಂಬಳ, ಡೆಡ್‌ಲೈನ್ ಎಲ್ಲ ಸೇರಿ ಆ ಹೆಚ್ಚುವರಿ ಶ್ರಮವನ್ನು ಹಿಂಡಿ ತೆಗೆಯುತ್ತವೆ. ಗಿಟಾರಿಗೆ ಡೆಡ್‌ಲೈನ್ ಇಲ್ಲ, ಕಾದಂಬರಿಗೆ ಅಪ್ರೈಸಲ್ ಇಲ್ಲ. ಹಾಗಾಗಿ ಮೊದಲು ಬಲಿಯಾಗೋದು ಅವೇ. ಇದು ನನ್ನ ತರ್ಕ, ಆದರೆ ಒಪ್ಪಿಕೊಂಡರೆ ಒಂದು ವಿಷಯ ಸ್ಪಷ್ಟವಾಗುತ್ತೆ: ಅಭದ್ರತೆಯ ವೆಚ್ಚ ಕಂಪನಿಯ ಲೆಕ್ಕದಲ್ಲಿ ಕಾಣೋದಿಲ್ಲ, ಉದ್ಯೋಗಿಯ ಸಂಜೆಯಲ್ಲಿ ಕಾಣುತ್ತೆ.

ಹಾಗಂತ ಆತಂಕವೆಲ್ಲ ಕಲ್ಪನೆಯೂ ಅಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಸುರಕ್ಷಿತ ನೌಕರಿ ಅಂತ ಹೆಸರಾಗಿದ್ದ ಕಡೆಯೇ ಹೀಗಾದಾಗ ಉಳಿದವರು ಹೆದರದೆ ಇರ್ತಾರಾ? ಇತ್ತ ರಾಜ್ಯದ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಅದೇ ವರ್ಷ ಐಟಿಯಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ, 2025ರಲ್ಲಿ ಓವರ್‌ಟೈಮ್ ಸೇರಿ 12 ಗಂಟೆಯ ಪ್ರಸ್ತಾವ ಬಂತು. ಎರಡನ್ನೂ ಐಟಿ ನೌಕರರ ಸಂಘಟನೆ ಕೆಐಟಿಯು ವಿರೋಧಿಸಿತು. ಚರ್ಚೆ ಹೆಚ್ಚಾಗಿ ನಡೆದಿದ್ದು ಗಂಟೆಗಳ ಬಗ್ಗೆ. ಉಳಿಯುವ ಗಂಟೆಗಳಲ್ಲಿ ಮನಸ್ಸು ಯಾರ ವಶದಲ್ಲಿರುತ್ತೆ ಅಂತ ಹೆಚ್ಚು ಜನ ಕೇಳಲಿಲ್ಲ.

ಹಾಗಾದರೆ ನೀವು ಇವತ್ತು ಮಾಡಬಹುದಾದ್ದು ಏನೂ ಇಲ್ಲವಾ? ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ತಂಡ 1983ರಲ್ಲೇ ಪರೀಕ್ಷಿಸಿದ ಒಂದು ಉಪಾಯ ತೀರಾ ಸರಳ: ಚಿಂತಿಸಬೇಡಿ ಅನ್ನೋ ಬದಲು, ಚಿಂತೆಗೆ ದಿನಕ್ಕೆ ಅರ್ಧ ಗಂಟೆ ನಿಗದಿ ಮಾಡಿ, ಒಂದೇ ಸಮಯ, ಒಂದೇ ಜಾಗ. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡಿ. 2011ರಲ್ಲಿ ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ತೋರಿಸಿದ್ದು ಇನ್ನೊಂದು: ಮುಗಿಯದ ಕೆಲಸ ಓದಿನ ನಡುವೆ ನುಗ್ಗುತ್ತೆ, ಆದರೆ ಅದಕ್ಕೊಂದು ನಿರ್ದಿಷ್ಟ ಯೋಜನೆ ಬರೆದರೆ, ಕೆಲಸ ಮುಗಿಯದಿದ್ದರೂ ಕಾಟ ತಗ್ಗುತ್ತೆ. ಕೆಲಸ ಹೋದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು, ಯಾವ ಖರ್ಚು ಮೊದಲು ನಿಲ್ಲಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದಿಡೋದು ಆ ರೀತಿಯ ಯೋಜನೆ.

ನಿದ್ದೆ, ಊಟ, ಕೆಲಸವೇ ಕೆಡುವ ಮಟ್ಟಕ್ಕೆ ಹೋದರೆ ಹಾಳೆ ಸಾಲದು, ಡಾಕ್ಟರ್ ಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳನ್ನು ನೋಡಿ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪಿಲ್ಲ ಎಂದಿತ್ತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಸಿಗುತ್ತೆ.

ಆದರೆ ಯೋಜನೆ ಬರೆಯೋಕೆ ಮಾಹಿತಿ ಬೇಕು. ಎಷ್ಟು ದಿನದ ನೋಟಿಸ್, ಎಷ್ಟು ಪರಿಹಾರ, ಯಾವ ಮಾನದಂಡದ ಮೇಲೆ ಹೆಸರು ಪಟ್ಟಿಗೆ ಸೇರುತ್ತೆ? ಇವು ಉದ್ಯೋಗಿಗೆ ಗೊತ್ತಿರಲ್ಲ, ಕಂಪನಿಗೆ ಗೊತ್ತಿರುತ್ತೆ. ಅನಿಶ್ಚಿತತೆಯ ಒಂದು ಭಾಗ ಮಾರುಕಟ್ಟೆಯದ್ದು, ಅದನ್ನು ಯಾರೂ ಅಳಿಸೋಕಾಗಲ್ಲ. ಇನ್ನೊಂದು ಭಾಗ ಬರೀ ಮೌನದಿಂದ ಹುಟ್ಟಿದ್ದು. ಅದನ್ನು ಒಂದು ಸ್ಪಷ್ಟ ನಿಯಮ ಅಳಿಸಬಲ್ಲದು. ಕಂಪನಿಗಳು ಕಾರಿಡಾರಿನಲ್ಲಿ ಧ್ಯಾನದ ಪೋಸ್ಟರ್ ಅಂಟಿಸುವ ಮೊದಲು, ಸರ್ಕಾರ ವಿನಾಯಿತಿಯನ್ನು ಇನ್ನೊಮ್ಮೆ ವಿಸ್ತರಿಸುವ ಮೊದಲು ಮಾಡಬೇಕಾದ ಕೆಲಸ ಅದು.

ಶಿಸ್ತು ಇಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳೋದು ಸುಲಭ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ನಿಯಮ ಕೇಳೋದು ಕಷ್ಟ, ಅದಕ್ಕೆ ನಾಲ್ಕು ಜನ ಜೊತೆಗೆ ಬೇಕು. ಪಕ್ಕದ ಡೆಸ್ಕಿನವರ ಗಿಟಾರ್ ಕೂಡ ಮೂಲೆ ಸೇರಿರಬಹುದು, ಒಮ್ಮೆ ಕೇಳಿ ನೋಡಿ.