ಬಳ್ಳಿಗೂ ಬೇಕು ಬಾಯಾರಿಕೆ
ಗಾಂಜಾ ಗಿಡವನ್ನು ಬಾಯಾರಿಸಿ ಅದರ ಅಮಲು ಹೆಚ್ಚಿಸಲು ನೋಡುವವರ ಕಥೆ ಬಿಡಿ, 1985ರ ಮಾದಕವಸ್ತು ಕಾಯಿದೆ ಅವರನ್ನು ನೋಡಿಕೊಳ್ಳುತ್ತದೆ. ಮಲೆನಾಡಿನ ಕುಪ್ಪಳ್ಳಿ ಸುತ್ತಿನ ತೋಟಗಳಲ್ಲಿ ಬಾಯಾರಿಸುವ ಆ ವಿದ್ಯೆ ಸಲ್ಲುವುದು ಕಾಳುಮೆಣಸಿಗೆ. ಬೇಸಿಗೆಯಲ್ಲಿ ಬಳಲಿದ ಬಳ್ಳಿ ಮುಂಗಾರು ಬಿದ್ದೊಡನೆ ಒಟ್ಟಿಗೇ ಚಿಗುರಿ ತೆನೆ ಬಿಡುತ್ತದೆ. ಪಣಿಯೂರು-1 ತಳಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ಸಲಹೆಯೂ ಹೀಗೇ: ನವೆಂಬರ್-ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ 8-10 ದಿನಕ್ಕೊಮ್ಮೆ ಬಳ್ಳಿಯೊಂದಕ್ಕೆ 100 ಲೀಟರ್ ನೀರು, ಆಮೇಲೆ ಮಳೆ ಹಿಡಿಯುವವರೆಗೆ ಉಪವಾಸ. ಇಳುವರಿ ಸುಮಾರು ಶೇ 50ರಷ್ಟು ಏರುತ್ತದಂತೆ! ತೊಡಕಿರುವುದು ಬಳ್ಳಿಗೆ ಆಸರೆಯಾದ ಅಡಿಕೆ ಮರದಲ್ಲಿ. ಏಪ್ರಿಲ್‌ನಲ್ಲಿ ಅದಕ್ಕೆ ನೀರು ಬೇಕೇ ಬೇಕು. ತಬ್ಬಿ ನಿಂತ ಬಳ್ಳಿಯೂ ಪಾಲು ಕೇಳದೆ ಕುಡಿಯುತ್ತದೆ. ಸಿಲ್ವರ್ ಓಕಿಗೆ ಹಬ್ಬಿಸಿದ, ಫಸಲು ಕೊಡುತ್ತಿರುವ ಬಳ್ಳಿಗಳ ಪೈಪನ್ನಾದರೂ ಈ ಸಲ ಏಪ್ರಿಲ್‌ನಲ್ಲಿ ಮುಚ್ಚಿ ನೋಡಿ. ಎಳೆಬಳ್ಳಿಗೆ ಮಾತ್ರ ಈ ಶಿಕ್ಷೆ ಬೇಡ.