ಪರವಾನಗಿ ಸರಿ, ಪಿಸ್ತೂಲಿನ ಪಾಲನೆ ಯಾರ ಹೊಣೆ?

2024ರ ಅಕ್ಟೋಬರ್ 1ರ ನಸುಕಿನಲ್ಲಿ ನಟ ಗೋವಿಂದ ಅವರ ಕೈಯಿಂದ ಪರವಾನಗಿ ಪಡೆದ ರಿವಾಲ್ವರ್ ಜಾರಿ ಬಿದ್ದು, ಗುಂಡು ಹಾರಿ ಅವರ ಕಾಲಿಗೇ ತಗುಲಿತು. ಇಂಥ ಸುದ್ದಿ ಬಂದಾಗ ನಾವು ಮೊದಲು ಕೇಳುವುದು ಪರವಾನಗಿ ಇತ್ತೇ ಎಂದು. ಆಯುಧವನ್ನು ಹೇಗೆ ಇರಿಸಲಾಗಿತ್ತು, ಅದನ್ನು ಕೊನೆಯ ಬಾರಿ ಶುಚಿಗೊಳಿಸಿದ್ದು ಯಾವಾಗ ಎಂದು ಕೇಳುವವರು ವಿರಳ.

ಸೇವೆಯಲ್ಲಿದ್ದಾಗ ಪರವಾನಗಿ ನವೀಕರಣದ ಎಷ್ಟೋ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಪೊಲೀಸ್ ವರದಿ, ಶುಲ್ಕದ ರಸೀದಿ, ಆಯುಧದ ಮೇಲಿನ ಸಂಖ್ಯೆ ತಾಳೆಯಾದರೆ ಕಡತ ಮುಗಿದಂತೆ. ‘ಇದನ್ನು ಖಾಲಿ ಮಾಡಿ ತೋರಿಸಿ’ ಎಂದು ಒಬ್ಬ ಅರ್ಜಿದಾರನನ್ನೂ ಕೇಳಿದ ನೆನಪು ನನಗಿಲ್ಲ. ಕೇಳಬೇಕಿತ್ತು.

ರಿವಾಲ್ವರಿನ ಉರುಳೆಯನ್ನು ತೆರೆದರೆ ಗುಂಡುಗಳು ಕಣ್ಣಿಗೆ ಕಾಣುತ್ತವೆ. ಅರೆಸ್ವಯಂಚಾಲಿತ ಪಿಸ್ತೂಲು ಹಾಗಲ್ಲ. ಒಂದು ಗುಂಡು ಹಾರಿದ ರಭಸಕ್ಕೆ ಮೇಲಿನ ಸ್ಲೈಡ್ ಹಿಂದೆ ಸರಿಯುತ್ತದೆ, ಖಾಲಿ ಕೋಶ ಹೊರಕ್ಕೆ ಚಿಮ್ಮುತ್ತದೆ. ಸ್ಪ್ರಿಂಗಿನ ಬಲದಿಂದ ಮರಳುವ ಸ್ಲೈಡ್ ಮ್ಯಾಗಜೀನಿನಿಂದ ಮತ್ತೊಂದು ಗುಂಡನ್ನು ನಳಿಗೆಯ ಬುಡಕ್ಕೆ ತಳ್ಳುತ್ತದೆ. ಮ್ಯಾಗಜೀನ್ ತೆಗೆದ ಮೇಲೂ ಅಲ್ಲೊಂದು ಗುಂಡು ಉಳಿದಿರಬಹುದು. ಶುಚಿ ಮಾಡುವಾಗ ಹಾರಿತು ಎಂಬ ಅವಘಡಗಳ ಗುಟ್ಟು ಬಹುಪಾಲು ಇಷ್ಟೇ. ಬೆರಳು ಟ್ರಿಗರಿನಿಂದ ದೂರ, ಮೂತಿ ನಿರಪಾಯದ ದಿಕ್ಕಿಗೆ. ಮೊದಲು ಮ್ಯಾಗಜೀನ್, ಆನಂತರ ಸ್ಲೈಡ್. ಕೊನೆಗೆ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷೆ. ಈ ಅನುಕ್ರಮ ತಲೆಕೆಳಗಾದರೆ ಒಂದು ಗುಂಡು ಹೊರಬಂದು, ಅದರ ಜಾಗಕ್ಕೆ ಇನ್ನೊಂದು ಸದ್ದಿಲ್ಲದೆ ಬಂದು ಕೂರುತ್ತದೆ.

9 ಎಂಎಂ ಪಿಸ್ತೂಲು ನಮ್ಮಲ್ಲಿ ನಿಷೇಧಿತ ವರ್ಗಕ್ಕೆ ಸೇರಿರುವುದರಿಂದ ನಾಗರಿಕರ ಬಳಿ ಸಾಮಾನ್ಯವಾಗಿ ಇರುವುದು ಸರ್ಕಾರಿ ಕಾರ್ಖಾನೆಯ ‘ಅಶನಿ’ಯಂಥ .32 ಪಿಸ್ತೂಲುಗಳು. ಜಾನ್ ಬ್ರೌನಿಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಈ ಗುಂಡಿನ ಬುಡದಲ್ಲಿ ಸಣ್ಣದೊಂದು ಅಂಚು ಚಾಚಿಕೊಂಡಿದೆ. ಮ್ಯಾಗಜೀನಿನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಹಿಂದಕ್ಕೆ ಜಾರಿದರೆ ಎರಡೂ ಒಂದಕ್ಕೊಂದು ಕೊಂಡಿಹಾಕಿಕೊಂಡು ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ತಪ್ಪು ಆಯುಧದ್ದಲ್ಲ, ತುಂಬಿದ ಕೈಯದು. ಉಳಿದ ತೊಡಕುಗಳ ಮೂಲವೂ ಹೆಚ್ಚಾಗಿ ಸಾಧಾರಣವೇ: ಬಗ್ಗಿದ ಮ್ಯಾಗಜೀನ್ ಬಾಯಿ, ಸೋತ ಸ್ಪ್ರಿಂಗು, ಕೋಶವನ್ನು ಎಳೆಯುವ ಕೊಕ್ಕೆಯಡಿ ಗಟ್ಟಿಯಾದ ಮಸಿ. ಟ್ರಿಗರ್ ಎಳೆದಾಗ ಬರೀ ‘ಟಿಕ್’ ಎಂದರೆ ಕೂಡಲೇ ಮೂತಿಯೊಳಗೆ ಇಣುಕುವುದು ಮೂರ್ಖತನ. ಗುಂಡು ತಡವಾಗಿ ಹೊತ್ತಿಕೊಳ್ಳಬಹುದಾದ್ದರಿಂದ ಮೂವತ್ತು ಸೆಕೆಂಡಾದರೂ ಕಾಯಬೇಕು. ಸದ್ದು ಎಂದಿಗಿಂತ ಕ್ಷೀಣವಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯಲ್ಲೇ ಉಳಿದಿದ್ದರೆ ಮುಂದಿನದು ಪಿಸ್ತೂಲನ್ನೇ ಸಿಡಿಸೀತು.

ಸವಕಳಿ ಎಂದರೆ ಬಳಕೆಯಿಂದಾಗುವ ಕ್ಷಯ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತವನು ನಾನು. ಪಿಸ್ತೂಲು ಬಳಸದೆಯೇ ಸವೆಯುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತರೆ, ಮಳೆಗಾಲದ ತೇವವನ್ನು ಹೀರಿದ ಚರ್ಮವೇ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹೆದರಿ ಎಣ್ಣೆ ಸುರಿದರೆ ಅದು ಗುಂಡಿನ ಬುಡಕ್ಕೆ ಇಳಿದು ಅದನ್ನೇ ನಿಷ್ಕ್ರಿಯಗೊಳಿಸಬಹುದು. ಬೇಕಾದದ್ದು ತೆಳುವಾದ ಒಂದು ಲೇಪ, ಒಣ ಬಟ್ಟೆ, ಮತ್ತು ನಿಯಮಿತವಾದ ಗಮನ. ಕೊಡಗಿನವರು ಇದನ್ನು ಹಬ್ಬದೊಳಗೇ ಹೆಣೆದುಬಿಟ್ಟಿದ್ದಾರೆ. ನಾಟಿ ಮುಗಿದ ಮೇಲೆ ಬರುವ ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಮಳೆಯ ತೇವ ಕಾಡಿದ ದಿನಗಳ ಬೆನ್ನಿಗೇ ಆಯುಧದ ತಪಾಸಣೆ!

ಸರ್ಕಾರದ ಕ್ರಮದಲ್ಲಿ ಈ ವಿವೇಕ ಕಾಣದು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟ ಪರಿಚಿತರೊಬ್ಬರ ಪಿಸ್ತೂಲು ತಿಂಗಳುಗಳ ನಂತರ ಸ್ಲೈಡ್ ಅಲುಗದಷ್ಟು ತುಕ್ಕು ಹಿಡಿದು ಮರಳಿತು. ರಸೀದಿಯಲ್ಲಿ ಸಂಖ್ಯೆ ಇತ್ತು, ಸ್ಥಿತಿಯ ಉಲ್ಲೇಖವಿರಲಿಲ್ಲ.

2016ರ ಆಯುಧ ನಿಯಮಗಳು ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಆಯುಧದ ಪಾಲನೆಯೂ ಅದರ ಪಾಠಗಳಲ್ಲೊಂದು. ಆದರೆ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಜನರ ಅಲೆದಾಟ ತಪ್ಪಿದ್ದು ನಿಜ. ಒಮ್ಮೆ ಕಲಿತ ಪಾಠ ಮರೆಯಲು ಐದು ವರ್ಷ ಧಾರಾಳವಾಗಿ ಸಾಕು ಎಂಬುದೂ ನಿಜ. ಜಿಲ್ಲಾ ಮೀಸಲು ಪೊಲೀಸ್ ಪಡೆಯ ಶಸ್ತ್ರಾಗಾರಗಳಲ್ಲಿ ನುರಿತ ಸಿಬ್ಬಂದಿ ಇದ್ದಾರೆ. ನವೀಕರಣಕ್ಕೆ ಬಂದವರು ಅವರೆದುರು ತಮ್ಮ ಪಿಸ್ತೂಲನ್ನು ಖಾಲಿ ಮಾಡಿ, ಬಿಚ್ಚಿ, ಜೋಡಿಸಿ ತೋರಿಸಲಿ. ಹತ್ತು ನಿಮಿಷದ ಕೆಲಸ, ಬೇಕಾದರೆ ಶುಲ್ಕ ವಿಧಿಸಲಿ. ಠೇವಣಿಯ ರಸೀದಿಯಲ್ಲಿ ‘ಸ್ಥಿತಿ’ ಎಂಬ ಇನ್ನೊಂದು ಕಲಮು ಸೇರಿಸಲು ಕಾನೂನಿನ ತಿದ್ದುಪಡಿ ಬೇಕಿಲ್ಲ, ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು.